ಅಪಘಾತದ ಈಕೋ, ಒಂದಿಂಚಿನ ಪೈಪು: ಬಳ್ಳಾರಿಯಲ್ಲಿ ಕಟ್ಟಿದ ಒಂದು ಟ್ರ್ಯಾಕ್ ಕಾರಿನ ಪ್ರಕರಣ

ಬಳ್ಳಾರಿಯ ಇಬ್ಬರು ಗೆಳೆಯರು ಟ್ರ್ಯಾಕ್ ಡೇಗೆ (ತಮ್ಮದೇ ಕಾರನ್ನು ರೇಸ್ ಟ್ರ್ಯಾಕಿನಲ್ಲಿ ಓಡಿಸುವ ದಿನ) ಅಂತಲೇ ಒಂದು ಕಾರನ್ನು ಕೈಯಾರೆ ಕಟ್ಟಿದರು. ಮಾತು ಶುರುವಾದಾಗಿನಿಂದ ಮೊದಲ ಸುತ್ತು ಓಡಿಸುವವರೆಗೆ 19 ತಿಂಗಳು ಹಿಡಿಯಿತು. ಅದರಲ್ಲಿ ಮೊದಲ 7 ತಿಂಗಳು ಒಂದು ಪೈಪೂ ಕತ್ತರಿಸಲಿಲ್ಲ. ಯಾವ ಕಾರು ಕಟ್ಟಬೇಕು ಅನ್ನೋದು ತೀರ್ಮಾನ ಆಗುವುದಕ್ಕೇ ಅಷ್ಟು ಸಮಯ ಬೇಕಾಯಿತು. ಬೆಸುಗೆ, ವೈರಿಂಗ್ ಬಗ್ಗೆ ಹೇಳಿಕೊಡುವವರು ಎಲ್ಲ ಕಡೆ ಸಿಗುತ್ತಾರೆ. ಈ ಆಯ್ಕೆ ಹೇಗೆ ನಡೆಯಿತು, ಎಲ್ಲಿ ತಿರುಗಿತು ಅನ್ನೋದನ್ನು ಬರೆದಿಡುವವರು ಕಡಿಮೆ. ಅದಕ್ಕೇ ನಾನು ಇದನ್ನು ಬರೆಯುತ್ತಿದ್ದೇನೆ.

ನಾನು ಮೆಕ್ಯಾನಿಕಲ್ ವಿಭಾಗದಲ್ಲಿ ಪಾಠ ಮಾಡುವವನು. ಇಬ್ಬರಲ್ಲಿ ಒಬ್ಬ ನನ್ನ ಹಳೆಯ ವಿದ್ಯಾರ್ಥಿ. ಅವರ ಒಪ್ಪಿಗೆ ಪಡೆದೇ ಬರೆದಿದ್ದೇನೆ. ಹೆಸರು ಬದಲಿಸಿದ್ದೇನೆ, ಗುರುತು ಹಿಡಿಯಬಹುದಾದ ವಿವರ ಬಿಟ್ಟಿದ್ದೇನೆ. ಲೆಕ್ಕ ಮಾತ್ರ ಅವರ ನೋಟ್‌ಬುಕ್ಕಿನಲ್ಲಿ ಇದ್ದದ್ದು ಇದ್ದ ಹಾಗೇ ಇದೆ.

ಯಾರು, ಏನು ಆಸೆ

ಬಸು ಮನೆಯವರದು ಲಾರಿ ಬಾಡಿ ಕಟ್ಟುವ ಶೆಡ್ಡು. ಅದಿರು ಲಾರಿಗಳು ಹಗಲೂ ರಾತ್ರಿ ಓಡುತ್ತಿದ್ದ ಕಾಲದಲ್ಲಿ ಟಿಪ್ಪರ್ ಬಾಡಿ ಕಟ್ಟಿ ಬೆಳೆದ ಶೆಡ್ಡು ಅದು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದ ಮೇಲೆ ಆ ಕೆಲಸ ಬಿದ್ದುಹೋಯಿತು. ಈಗ ಜಾಸ್ತಿ ಬರುವುದು ಟ್ರ್ಯಾಕ್ಟರ್ ಟ್ರೈಲರ್ ಕೆಲಸ. ಇಮ್ರಾನ್ ತೋರಣಗಲ್ಲು ಕಡೆ ಕಾರ್ಖಾನೆಯೊಂದರ ಮೇಂಟೆನೆನ್ಸ್‌ನಲ್ಲಿದ್ದಾನೆ. ಕಾಲೇಜಿನಲ್ಲಿದ್ದಾಗ ಬಾಹಾ, ಅಂದರೆ ವಿದ್ಯಾರ್ಥಿಗಳೇ ಕಟ್ಟಿದ ಕಾರುಗಳ ಸ್ಪರ್ಧೆಯ ತಂಡದಲ್ಲಿ ಇದ್ದವನು. ಪೈಪ್ ಚೌಕಟ್ಟಿನ ರುಚಿ ಅವನಿಗೆ ಅಲ್ಲೇ ಹತ್ತಿತ್ತು.

ಇಬ್ಬರಿಗೂ ಬೇಕಿದ್ದದ್ದು ಲೋಟಸ್ ಸೆವೆನ್ ಥರದ ಕಾರು. 1957ರಲ್ಲಿ ಇಂಗ್ಲೆಂಡಿನ ಕಾಲಿನ್ ಚಾಪ್‌ಮನ್ ಹೊರತಂದ ಕಾರು ಅದು. ಬಾಗಿಲಿಲ್ಲ, ಚಾವಣಿಯಿಲ್ಲ, ಉದ್ದ ಮೂತಿ, ಹಿಂದಿನ ಚಕ್ರಕ್ಕೆ ಹತ್ತಿರ ಎರಡು ಸೀಟು. ಬಿಡಿಭಾಗಗಳಾಗಿ ಕೊಂಡು ಮನೆಯಲ್ಲಿ ಜೋಡಿಸಿಕೊಂಡರೆ ಅಲ್ಲಿ ಆಗ ಖರೀದಿ ತೆರಿಗೆ ಬೀಳುತ್ತಿರಲಿಲ್ಲ. ಕಿಟ್ ಕಾರ್ ಅನ್ನೋದು ಅಲ್ಲಿ ಅಷ್ಟು ಬೆಳೆಯುವುದಕ್ಕೆ ಅದು ದೊಡ್ಡ ಕಾರಣ. 1973ರಲ್ಲಿ ಅದರ ಹಕ್ಕು ಕೇಟರ್‌ಹ್ಯಾಮ್‌ಗೆ ಹೋಯಿತು. ಅದೇ ಆಕಾರವನ್ನು ಒಂದಿಂಚಿನ ಚೌಕ ಪೈಪಿನಲ್ಲಿ, ಹಳೆಯ ಕಾರಿನ ಇಂಜಿನ್ ಹಾಕಿ ಅಗ್ಗದಲ್ಲಿ ಕಟ್ಟಿಕೊಳ್ಳುವುದಕ್ಕೆ ಲೋಕಾಸ್ಟ್ ಅನ್ನುತ್ತಾರೆ.

ಕೈಯಲ್ಲಿ ಇದ್ದದ್ದು ಐದು ಲಕ್ಷ, ಇಬ್ಬರದೂ ಅರ್ಧರ್ಧ. ಬಸು ತಂದೆ ಎರಡೇ ಮಾತು ಹೇಳಿದ್ದರು. ಶೆಡ್ಡಿನ ದುಡ್ಡು ಮುಟ್ಟಬಾರದು. ಸೀಸನ್ನಿನಲ್ಲಿ ಟ್ರೈಲರ್ ಕೆಲಸ ನಿಲ್ಲಬಾರದು.

ಮೊದಲ ತಪ್ಪು ಹೆಜ್ಜೆ

ಹೊರದೇಶದ ಕಿಟ್ ತರಿಸುವ ಯೋಚನೆ ಒಂದೇ ವಾರದಲ್ಲಿ ಬಿತ್ತು. ಕಿಟ್ ಬೆಲೆಯ ಮೇಲೆ ಹಡಗಿನ ಬಾಡಿಗೆ, ಕಸ್ಟಮ್ಸ್, ಜಿಎಸ್‌ಟಿ ಕೂಡಿಸಿದರೆ ಐದು ಲಕ್ಷ ಬಂದರಿನಲ್ಲೇ ಮುಗಿಯುತ್ತಿತ್ತು. ಇಂಜಿನ್ ಆಮೇಲೆ. ಬೈಕ್ ಇಂಜಿನ್ ಹಾಕೋಣ ಅಂತ ಇಮ್ರಾನ್ ಸ್ವಲ್ಪ ದಿನ ಹಟ ಹಿಡಿದ. 650 ಸಿಸಿ ಎನ್‌ಫೀಲ್ಡ್ ಇಂಜಿನ್ ಕೊಡುವುದು ಸುಮಾರು 47 ಅಶ್ವಶಕ್ತಿ. ರಿವರ್ಸ್ ಗೇರ್ ಇಲ್ಲ, ಚೈನಿನಿಂದ ಹಿಂದಿನ ಆಕ್ಸಲ್‌ಗೆ ಶಕ್ತಿ ಮುಟ್ಟಿಸಲು ಹೊಸದಾಗಿ ಎಲ್ಲ ಮಾಡಬೇಕು. ಅದೂ ಬಿತ್ತು.

ಉಳಿದದ್ದು ಮಾರುತಿ ಜಿಪ್ಸಿ. ಇದರ ಮೇಲೆ ಇಬ್ಬರಿಗೂ ಪ್ರೀತಿ ಇತ್ತು, ಕಾರಣವೂ ಗಟ್ಟಿಯಾಗಿತ್ತು. ಇಂಜಿನ್ ಉದ್ದಕ್ಕೆ ಕೂತಿದೆ, ಹಿಂದಿನ ಚಕ್ರಕ್ಕೆ ಶಕ್ತಿ ಹೋಗುತ್ತದೆ. ಎಂಪಿಎಫ್‌ಐ (ಕಂಪ್ಯೂಟರ್ ಹಿಡಿತದಲ್ಲಿ ಪೆಟ್ರೋಲ್ ಚಿಮ್ಮಿಸುವ ವ್ಯವಸ್ಥೆ) ಬಂದ ಮೇಲಿನ 1.3 ಲೀಟರ್ ಇಂಜಿನ್ನಿಗೆ 80 ಅಶ್ವಶಕ್ತಿ. ಟ್ರಾನ್ಸ್‌ಫರ್ ಕೇಸ್ (ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆ) ಗೇರ್‌ಬಾಕ್ಸಿಗೆ ಅಂಟಿಕೊಂಡಿಲ್ಲ, ಬೇರೆಯೇ ಕೂತಿದೆ. ಅದನ್ನು ತೆಗೆದು ನೇರ ಶಾಫ್ಟ್ ಹಾಕಬಹುದು. ಕಾಗದದ ಮೇಲೆ ನೋಡಿದರೆ ಇದಕ್ಕಿಂತ ಚೆನ್ನಾಗಿರುವ ದಾನಿ ವಾಹನ ನಮ್ಮ ದೇಶದಲ್ಲಿ ಇಲ್ಲ ಅನ್ನಿಸುತ್ತದೆ. ಗಣಿ ಕಾಲದ ಒಂದು ಜಿಪ್ಸಿ ಮಾರಾಟಕ್ಕಿದೆ ಅಂತ ತಿಳಿದ ತಕ್ಷಣ ಬಸು 20 ಸಾವಿರ ಅಡ್ವಾನ್ಸ್ ಕೊಟ್ಟೇಬಿಟ್ಟ.

ನನ್ನ ಹತ್ತಿರ ಬಂದದ್ದು ಆಮೇಲೆ. ನಾನು ಕೇಳಿದ್ದು ಒಂದೇ. ಹಿಂದಿನ ಆಕ್ಸಲ್ಲಿನ ಹೌಸಿಂಗ್ (ಕವಚ) ಎಷ್ಟು ತೂಕ ಇದೆ, ತೂಗಿದ್ದೀರಾ?

ತೂಗಿರಲಿಲ್ಲ. ಗುಜರಿ ಅಂಗಡಿಯೊಂದರಲ್ಲಿ ಬೇರೆ ಜಿಪ್ಸಿಯ ಹೌಸಿಂಗ್ ಬಿದ್ದಿತ್ತು, ಪಕ್ಕದಲ್ಲೇ ಈಕೋ ವ್ಯಾನಿನದೂ ಇತ್ತು. ಎರಡನ್ನೂ ಡ್ರಮ್ಮಿನ ಸಮೇತ ಕಬ್ಬಿಣ ತೂಗುವ ತಕ್ಕಡಿ ಮೇಲೆ ಇಟ್ಟರು. ಜಿಪ್ಸಿಯದು ಹೆಚ್ಚೂ ಕಡಿಮೆ 20 ಕೆಜಿ ಜಾಸ್ತಿ ಬಂತು. ಇಪ್ಪತ್ತೇ ಕೆಜಿ ಅಲ್ವಾ ಅನ್ನಿಸಬಹುದು. ಆದರೆ ಇದು ಸ್ಪ್ರಿಂಗಿನ ಕೆಳಗಿನ ತೂಕ. ಎರಡು ಟನ್ ವಾಹನದಲ್ಲಿ ಅದು ಲೆಕ್ಕಕ್ಕೆ ಬರುವುದಿಲ್ಲ. 600 ಕೆಜಿ ಕಾರಿನಲ್ಲಿ ಪ್ರತಿ ಉಬ್ಬಿಗೂ ಆ ತೂಕ ಮೇಲೆ ಹಾರಿ ಟೈರನ್ನು ನೆಲದಿಂದ ಬಿಡಿಸುತ್ತದೆ. ಇನ್ನೊಂದು ತೊಡಕು ಚಕ್ರದ್ದು. ಜಿಪ್ಸಿಯದು ಐದು ಬೋಲ್ಟು, 139.7 ಮಿಮೀ ವೃತ್ತ. ಆ ಅಳತೆಗೆ ಸಿಗುವ ಚಕ್ರಗಳೆಲ್ಲ ಜೀಪಿನ ಜಾತಿಯವು. ಹಗುರವಾದ 13 ಇಂಚಿನ ಚಕ್ರ ಹುಡುಕಿ ಸಾಕಾಯಿತು. ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಜಿಪ್ಸಿಯ ಮುಂದೆಯೂ ಗಟ್ಟಿ ಆಕ್ಸಲ್, ಪಟ್ಟಿ ಸ್ಪ್ರಿಂಗು. ಅಂದರೆ ಮುಂದಿನ ಸಸ್ಪೆನ್ಷನ್‌ಗೆ ಅದರಿಂದ ಏನೂ ಸಿಗುವುದಿಲ್ಲ, ಇನ್ನೊಂದು ವಾಹನ ಕೊಳ್ಳಬೇಕು.

ಅಡ್ವಾನ್ಸ್‌ನಲ್ಲಿ 12 ಸಾವಿರ ವಾಪಸ್ ಬಂತು. 8 ಸಾವಿರ ಹೋಯಿತು. ಜಿಪ್ಸಿ ತಯಾರಿಕೆ ನಿಂತ ಮೇಲೆ ಆಫ್‌ರೋಡ್ ಹುಡುಗರು ಅದಕ್ಕೆ ಒಳ್ಳೆ ಬೆಲೆ ಕೊಡುತ್ತಾರೆ, ಹಾಗಾಗಿ ಮಾರುವವರಿಗೂ ಬೇಸರವಾಗಲಿಲ್ಲ.

ತಿರುವು: ಮೊದಲು ಟ್ರ್ಯಾಕಿಗೆ ಹೋದದ್ದು

ಇಲ್ಲಿ ಇಮ್ರಾನ್ ಒಂದು ಒಳ್ಳೆಯ ಮಾತು ಹೇಳಿದ. "ಸರ್, ನಾವು ಇಬ್ಬರೂ ಟ್ರ್ಯಾಕ್ ಮೇಲೆ ಗಾಡಿ ಓಡಿಸೇ ಇಲ್ಲ. ಏನು ಬೇಕು ಅಂತ ಹೆಂಗ್ ಗೊತ್ತಾಗ್ತೈತಿ?" ಈ ಪ್ರಕರಣದಲ್ಲಿ ನನಗೆ ಅತ್ಯಂತ ಬೆಲೆಬಾಳುವ ಮಾತು ಅದು.

ಬಳ್ಳಾರಿಯಿಂದ ಹೋಗಲು ಅವರು ಯೋಚಿಸಿದ ಟ್ರ್ಯಾಕ್ ಎರಡು. ಚೆನ್ನೈ ಹತ್ತಿರ ಇರುಂಗಾಟ್ಟುಕೋಟೈಯದು ಸುಮಾರು 3.7 ಕಿಮೀ ಉದ್ದ, ವೇಗದ ಟ್ರ್ಯಾಕು. ಕೊಯಮತ್ತೂರಿನ ಕಾರಿ ಮೋಟಾರ್ ಸ್ಪೀಡ್‌ವೇ 2.1 ಕಿಮೀ, ತಿರುವು ಹತ್ತಿರ ಹತ್ತಿರ. ಕೊಯಮತ್ತೂರು 650 ಕಿಮೀಗೂ ದೂರ, ಚೆನ್ನೈ ಅದಕ್ಕಿಂತ ಹತ್ತಿರ. ಆದರೂ ಕೊಯಮತ್ತೂರನ್ನೇ ಆರಿಸಿದರು. ಕಡಿಮೆ ಶಕ್ತಿಯ ಹಗುರ ಕಾರಿಗೆ ಚಿಕ್ಕ ಟ್ರ್ಯಾಕೇ ಸರಿ. ಇನ್ನೊಂದು ಅನುಕೂಲ, ನಮ್ಮ ಕಡೆಯ ಹತ್ತಿ ಲಾರಿಗಳು ಅಲ್ಲಿನ ಮಿಲ್ಲುಗಳಿಗೆ ಹೋಗಿ ಎಷ್ಟೋ ಸಲ ಖಾಲಿ ಬರುತ್ತವೆ. ಕಾರು ಹೊತ್ತು ತರಲು ಒಂದು ಕಡೆಯ ಬಾಡಿಗೆಯಲ್ಲಿ ಉಳಿತಾಯ ಆಗುತ್ತದೆ.

ಇಮ್ರಾನ್‌ನ ಹಳೆಯ 1.3 ಸ್ವಿಫ್ಟ್‌ನಲ್ಲೇ ಹೋದರು. ಇಪ್ಪತ್ತು ನಿಮಿಷದ ಓಟ, ದಿನಕ್ಕೆ ನಾಲ್ಕು. ಎರಡನೇ ಓಟದ ಕೊನೆಗೆ ಬ್ರೇಕ್ ಪೆಡಲ್ ಮೆತ್ತಗಾಗಿ ಕೆಳಗಿಳಿಯಿತು. ಬ್ರೇಕ್ ಆಯಿಲ್ ಕುದ್ದಿತ್ತು. ಹೊಸ ಡಾಟ್ 3 ಆಯಿಲ್ ಕುದಿಯುವುದು 205 ಡಿಗ್ರಿಯ ಆಸುಪಾಸಿನಲ್ಲಿ, ಡಾಟ್ 4 ಆದರೆ 230. ಹಳೆಯ ಆಯಿಲ್ ತೇವ ಹೀರಿಕೊಂಡಿರುತ್ತದೆ, ಇನ್ನೂ ಬೇಗ ಕುದಿಯುತ್ತದೆ. ಸೀಟಿನಲ್ಲಿ ಮೈ ಜಾರುತ್ತಿತ್ತು, ಸ್ಟೀರಿಂಗ್ ಹಿಡಿದೇ ಕೂರಬೇಕಾಗುತ್ತಿತ್ತು. ಮೂರನೇ ಓಟದ ಹೊತ್ತಿಗೆ ಮುಂದಿನ ಎಡಗಡೆ ಟೈರಿನ ಅಂಚು ಸವೆದು ಹಪ್ಪಳದ ಹಾಗೆ ಎದ್ದಿತ್ತು. ದಿನವಿಡೀ ಇಬ್ಬರಲ್ಲಿ ಒಬ್ಬರಿಗೂ ಇಂಜಿನ್ ಸಾಲದು ಅನ್ನಿಸಲಿಲ್ಲ.

ಊಟದ ಹೊತ್ತಿನಲ್ಲಿ ಆಯೋಜಕರನ್ನು ಕೇಳಿದರು. ನಾವೇ ಕಟ್ಟಿದ ಕಾರು ತಂದರೆ ಬಿಡುತ್ತೀರಾ? ಉತ್ತರ ಸ್ಪಷ್ಟವಾಗಿತ್ತು. ತಲೆಗಿಂತ ಎತ್ತರದ ರೋಲ್ ಬಾರ್ (ಕಾರು ಮಗುಚಿದರೆ ತಲೆ ಕಾಯುವ ಪೈಪಿನ ಕಮಾನು), ಹಾರ್ನೆಸ್ (ಭುಜ, ಸೊಂಟ ಎರಡನ್ನೂ ಹಿಡಿಯುವ ರೇಸ್ ಬೆಲ್ಟು), ಬೆಂಕಿ ಆರಿಸುವ ಸಿಲಿಂಡರ್, ಹೊರಗಿನಿಂದಲೂ ಮುಟ್ಟಲು ಸಿಗುವ ಕಟ್ ಆಫ್ ಸ್ವಿಚ್, ಎಳೆಯುವ ಕೊಕ್ಕೆ, ಆಯಿಲ್ ಹೊರಗೆ ಚೆಲ್ಲದ ವ್ಯವಸ್ಥೆ. ಕಟ್ಟುವ ಮೊದಲೇ ಡ್ರಾಯಿಂಗ್ ಕಳಿಸಿ, ನೋಡಿ ಹೇಳುತ್ತೇವೆ ಅಂದರು. ಆ ಒಂದು ಪ್ರಯಾಣಕ್ಕೆ 38 ಸಾವಿರ ಖರ್ಚಾಯಿತು. ಐದು ಲಕ್ಷದಲ್ಲಿ ಅದನ್ನೂ ಹಿಡಿದರು.

ವಾಪಸ್ ಬಂದ ಮೇಲೆ ನೋಟ್‌ಬುಕ್ಕಿನ ಹಳೆಯ ಪುಟಕ್ಕೆ ಗೀಟು ಎಳೆದರು. ಅಲ್ಲಿ ಮೊದಲ ಸಾಲು "ಇಂಜಿನ್" ಅಂತ ಇತ್ತು. ಹೊಸ ಪುಟದ ಮೊದಲ ಸಾಲು "ಬ್ರೇಕ್", ಎರಡನೆಯದು "ಬಿಡಿಭಾಗ ಬಳ್ಳಾರಿಯಲ್ಲೇ ಅದೇ ದಿನ ಸಿಗಬೇಕು", ಮೂರನೆಯದು "ಸೀಟು, ಬೆಲ್ಟು". ಇಂಜಿನ್ ಆರನೇ ಸಾಲಿಗೆ ಹೋಗಿತ್ತು.

ರಸ್ತೆ ನೋಂದಣಿಯ ಆಸೆಯನ್ನೂ ಆಗಲೇ ಬಿಟ್ಟರು. ನಮ್ಮಲ್ಲಿ ಯಾವುದೇ ವಾಹನದ ಮಾದರಿಯನ್ನು ಪುಣೆಯ ಎಆರ್‌ಎಐನಂಥ ಸಂಸ್ಥೆಯಲ್ಲಿ ಪರೀಕ್ಷೆ ಮಾಡಿಸಿ ಒಪ್ಪಿಗೆ ಪಡೆಯಬೇಕು, ಕೇಂದ್ರ ಮೋಟಾರು ವಾಹನ ನಿಯಮಗಳ 126ನೇ ನಿಯಮ ಅದನ್ನೇ ಹೇಳುತ್ತದೆ. ಇನ್ನು ನೋಂದಣಿಯಾದ ವಾಹನದ ರೂಪವನ್ನೇ ಬದಲಿಸಿ ಓಡಿಸೋಣ ಅಂದರೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತದೆ. ಹಳೆಯ ಆರ್‌ಸಿ ಇಟ್ಟುಕೊಂಡು ಹೊಸ ಕಾರು ಓಡಿಸಿ ಅಂತ ಸಲಹೆ ಕೊಟ್ಟವರೂ ಇದ್ದರು. ಇಬ್ಬರೂ ಒಪ್ಪಲಿಲ್ಲ. ಅದು ನನಗೆ ತುಂಬಾ ಸಮಾಧಾನ ತಂದ ತೀರ್ಮಾನ. ರಸ್ತೆ ಬೇಡ ಅಂದ ಕೂಡಲೇ ಹೆಡ್‌ಲೈಟು, ವೈಪರು, ಗಾಜು ಎಲ್ಲ ಪಟ್ಟಿಯಿಂದ ಹೋದವು.

ಈಕೋ ಯಾಕೆ

ಹೊಸ ಪುಟ ಹಿಡಿದು ನೋಡಿದರೆ ಮಾರುತಿ ಈಕೋ ತಾನಾಗಿ ಮೇಲೆ ಬಂತು. ಬಳ್ಳಾರಿಯ ರಸ್ತೆಯಲ್ಲಿ ಶಾಲೆ ಮಕ್ಕಳನ್ನು ಹೊರುವ, ಜೀನ್ಸ್ ಬಂಡಲ್ ಸಾಗಿಸುವ ಬಡಪಾಯಿ ವ್ಯಾನು ಅದು. ಟ್ರ್ಯಾಕ್ ಕಾರು ಅಂದರೆ ಯಾರಿಗೂ ನೆನಪಾಗದು. ಆದರೆ ಅಡಿಯಲ್ಲಿ ಬಗ್ಗಿ ನೋಡಿ. ಇಂಜಿನ್ ಉದ್ದಕ್ಕೆ ಇದೆ, ಶಕ್ತಿ ಹಿಂದಿನ ಚಕ್ರಕ್ಕೆ ಹೋಗುತ್ತದೆ, ಹಿಂದಿನ ಗಟ್ಟಿ ಆಕ್ಸಲ್ಲಿಗೆ ಪಟ್ಟಿ ಬದಲು ಕಾಯಿಲ್ ಸ್ಪ್ರಿಂಗ್ ಇದೆ. ಹಳೆಯ 1.2 ಇಂಜಿನ್ನಿಗೆ 73 ಅಶ್ವಶಕ್ತಿ. ವ್ಯಾನಿನ ತೂಕ 900 ಕೆಜಿ ದಾಟುತ್ತದೆ, ಟನ್ನಿಗೆ ಹಿಡಿದರೆ 80ನ್ನೂ ಮುಟ್ಟುವುದಿಲ್ಲ. ಅದೇ ಇಂಜಿನ್ 600 ಕೆಜಿ ಕಾರಿನಲ್ಲಿ ಕೂತರೆ ಟನ್ನಿಗೆ 120 ದಾಟುತ್ತದೆ. ಅವರ ಸ್ವಿಫ್ಟ್ 87 ಅಶ್ವಶಕ್ತಿಯದಾದರೂ ಒಂದು ಟನ್ನಿನ ಆಸುಪಾಸು ತೂಗುತ್ತದೆ.

ಬಿಡಿ ಬಿಡಿಯಾಗಿ ಗುಜರಿಯಲ್ಲಿ ಕೊಂಡರೆ ಅಗ್ಗ ಅಂತ ಬಸುಗೆ ಅನ್ನಿಸಿತ್ತು. ಇಮ್ರಾನ್ ಬೇಡ ಅಂದ. ಈಗಿನ ಗಾಡಿಯಲ್ಲಿ ಇಂಜಿನ್, ಇಸಿಯು (ಇಂಜಿನ್ನಿನ ಕಂಪ್ಯೂಟರ್), ವೈರಿಂಗ್, ಕೀಲಿ ನಾಲ್ಕೂ ಒಂದೇ ವಾಹನದ್ದಿರಬೇಕು. ಕೀಲಿಯ ಗುರುತು ಇಸಿಯುಗೆ ಸಿಗದಿದ್ದರೆ ಇಂಜಿನ್ ಹೊತ್ತುವುದೇ ಇಲ್ಲ. ಹಾಗಾಗಿ ಮುಂದಿನ ಬಲಭಾಗ ನಜ್ಜುಗುಜ್ಜಾದ ಒಂದು ಈಕೋವನ್ನು ಇಡಿಯಾಗಿ 95 ಸಾವಿರಕ್ಕೆ ಕೊಂಡರು. ಇಂಜಿನ್ ಸೀಟಿನ ಕೆಳಗೆ ಇರುವುದರಿಂದ ಪೆಟ್ಟು ಅದಕ್ಕೆ ತಗುಲಿರಲಿಲ್ಲ. ಮಾಲೀಕರಿಂದಲೇ ಆರ್‌ಟಿಒಗೆ ಅರ್ಜಿ ಹಾಕಿಸಿ, 55ನೇ ಕಲಂ ಪ್ರಕಾರ ನೋಂದಣಿ ರದ್ದಾದ ಕಾಗದ ಕೈಗೆ ಬಂದ ಮೇಲೇ ಕಟಿಂಗ್ ಶುರು ಮಾಡಿದರು. ಇದಕ್ಕೇ ಎರಡು ತಿಂಗಳು ಹೋಯಿತು. ಅಷ್ಟೂ ದಿನ ವ್ಯಾನು ಶೆಡ್ಡಿನ ಮೂಲೆಯಲ್ಲಿ ಟಾರ್ಪಾಲ್ ಹೊದ್ದು ನಿಂತಿತ್ತು.

ತೆಳು ಪೈಪಿನ ಪಾಠ

ಶೆಡ್ಡಿನ ಮೇಸ್ತ್ರಿ, ಎಲ್ಲರೂ ಚಾಚಾ ಅಂತ ಕರೆಯುವವರು, ಮೂವತ್ತು ವರ್ಷದಿಂದ ಟಿಪ್ಪರ್ ಬಾಡಿ ಬೆಸೆದವರು. 25 ಮಿಮೀ ಚೌಕ ಪೈಪ್, 1.6 ಮಿಮೀ ದಪ್ಪ. ಕೈಯಲ್ಲಿ ಹಿಡಿದು ಬಡಿದು ನೋಡಿ, "ಏನಪಾ ಬಸು, ಕಿಟಕಿ ಗ್ರಿಲ್ ಮಾಡ್ಬೇಕೇನು ಇದ್ರಾಗ?" ಅಂದರು. ಮೊದಲ ಜೋಡಣೆಯಲ್ಲೇ ದಪ್ಪ ರಾಡು ಪೈಪನ್ನು ಸುಟ್ಟು ತೂತು ಮಾಡಿತು. ತೂತು ಮುಚ್ಚಲು ಲೋಹ ತುಂಬಿದರು. ಮೇಲಿಂದ ನೋಡಿದರೆ ಬೆಸುಗೆ ದುಂಡಗೆ, ಗಟ್ಟಿಯಾಗಿ ಕಂಡಿತು.

ಅದನ್ನು ವೈಸ್‌ನಲ್ಲಿ ಕಚ್ಚಿಸಿ ಸುತ್ತಿಗೆಯಲ್ಲಿ ಹೊಡೆಯಿರಿ ಅಂತ ನಾನು ಹೇಳಿದೆ. ಮೂರನೇ ಏಟಿಗೆ ಬೆಸುಗೆ ಇಡಿಯಾಗಿ ಕಿತ್ತು ಬಂತು. ಒಳಗೆ ಪೈಪಿನ ಅಂಚು ಕರಗೇ ಇರಲಿಲ್ಲ, ಹೊಳೆಯುತ್ತಾ ಹಾಗೇ ಇತ್ತು. ಒಳ್ಳೆಯ ಬೆಸುಗೆಯಾದರೆ ಪಕ್ಕದ ಪೈಪು ಹರಿಯಬೇಕು, ಬೆಸುಗೆ ಉಳಿಯಬೇಕು. ಚಾಚಾ ಆ ತುಂಡನ್ನು ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದರು. ಮರುದಿನ ಕಾರ್ಖಾನೆಯ ಪೈಪ್‌ಲೈನ್ ಕೆಲಸ ಮಾಡುವ ತಮ್ಮ ಅಳಿಯನನ್ನು ಅವರೇ ಕರೆತಂದರು. ಅವನದು ಆರ್ಗಾನ್ ವೆಲ್ಡಿಂಗ್. ಹದಿನಾರು ತುಂಡು ಒಡೆದು ನೋಡಿ, ಹದಿನಾರರಲ್ಲೂ ಪೈಪೇ ಹರಿದ ಮೇಲೆ ಚಾಸಿ ಶುರುವಾಯಿತು. ಜಿಗ್, ಅಂದರೆ ಬೆಸೆಯುವಾಗ ಪೈಪುಗಳನ್ನು ಅಳತೆಗೆ ಹಿಡಿದಿಡುವ ಚೌಕಟ್ಟು, ಕಟ್ಟಿದ್ದು ಮಾತ್ರ ಚಾಚಾ. ಎರಡು ಸಿ ಚಾನಲ್ ಮೇಲೆ ಮಟ್ಟ ಹಿಡಿದು ಅವರು ಕಟ್ಟಿದ ಜಿಗ್ಗಿನಲ್ಲಿ ಮೂಲೆಯಿಂದ ಮೂಲೆಗೆ 2 ಮಿಮೀಗಿಂತ ಜಾಸ್ತಿ ವ್ಯತ್ಯಾಸ ಬರಲಿಲ್ಲ. ನಮ್ಮ ಶೆಡ್ಡುಗಳಲ್ಲಿ ಇಂಥ ಕೈಗಳಿವೆ, ಕೇಳುವವರು ಬೇಕು ಅಷ್ಟೇ.

ರೋಲ್ ಬಾರಿಗೆ ಗ್ರಿಲ್ ಕೆಲಸದ, ಉದ್ದಕ್ಕೆ ಬೆಸುಗೆಯ ಗೆರೆ ಇರುವ ಇಆರ್‌ಡಬ್ಲ್ಯೂ ಪೈಪ್ ಬೇಡ ಅಂತ ಮೊದಲೇ ತೀರ್ಮಾನವಾಗಿತ್ತು. ಮೋಟಾರ್ ರೇಸಿನ ಅಂತರರಾಷ್ಟ್ರೀಯ ಒಕ್ಕೂಟ ಎಫ್‌ಐಎ ಮುಖ್ಯ ರೋಲ್ ಬಾರಿಗೆ ಕೇಳುವುದು ಆ ಗೆರೆಯಿಲ್ಲದ ಕೋಲ್ಡ್ ಡ್ರಾನ್ ಸೀಮ್‌ಲೆಸ್ ಪೈಪು, 45 ಮಿಮೀಗೆ 2.5 ಮಿಮೀ ದಪ್ಪ ಅಥವಾ 50ಕ್ಕೆ 2 ಮಿಮೀ. ಟ್ರ್ಯಾಕ್ ಡೇಗೆ ಅಷ್ಟು ಕಡ್ಡಾಯ ಇರಲಿಲ್ಲ. ಆದರೂ ಅದನ್ನೇ ಹಾಕಿದರು.

ನನಗೆ ನಿದ್ದೆ ಕೆಡಿಸಿದ ಭಾಗ ಮುಂದಿನ ನಕಲ್, ಅಂದರೆ ಚಕ್ರದ ಹಬ್ ಹಿಡಿಯುವ ತುಂಡು. ಈಕೋದ ಮುಂದೆ ಇರುವುದು ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಒಂದಾಗಿರುವ ಎತ್ತರದ ಸ್ಟ್ರಟ್, ಈ ತಗ್ಗು ಮೂತಿಯಲ್ಲಿ ಅದು ಹಿಡಿಯುವುದಿಲ್ಲ. ಸ್ಟ್ರಟ್ ತೆಗೆದು, ಅದರ ಎರಡು ಬೋಲ್ಟಿನ ಜಾಗಕ್ಕೆ 8 ಮಿಮೀ ಪ್ಲೇಟಿನ ಬ್ರಾಕೆಟ್ ಹಾಕಿ, ಮೇಲೆ ಬಾಲ್ ಜಾಯಿಂಟ್ ಕೂರಿಸಿ, ಮೇಲೊಂದು ಕೆಳಗೊಂದು ತೋಳಿರುವ ಡಬಲ್ ವಿಶ್‌ಬೋನ್ ಮಾಡಬೇಕಾಯಿತು. ಬ್ರೇಕ್ ಹಾಕಿದಾಗ ದೊಡ್ಡ ಭಾರ ಆ ಬ್ರಾಕೆಟ್ಟಿನ ಮೇಲೆ ಬರುತ್ತದೆ. ಮೂರು ಸಲ ಡ್ರಾಯಿಂಗ್ ಬದಲಿಸಿದೆವು. ಪ್ರತಿ ಟ್ರ್ಯಾಕ್ ಡೇ ಮುಗಿದ ಮೇಲೆ ಅದನ್ನು ಬಿಚ್ಚಿ, ಬಿರುಕು ತೋರಿಸುವ ಕೆಂಪು ಡೈ ಹಾಕಿ ನೋಡುವುದು ಈಗ ನಿಯಮ.

ಶಾಫ್ಟು ನಡುಗಿದ ದಿನ

ಊರ ಹೊರಗಿನ ಗೋದಾಮಿನ ಕಾಂಕ್ರೀಟ್ ಅಂಗಳದಲ್ಲಿ, ಮಾಲೀಕರ ಅನುಮತಿ ಪಡೆದು ಮೊದಲ ಓಟ. ಮೂರನೇ ಗೇರಿನವರೆಗೆ ಎಲ್ಲ ಚೆನ್ನಾಗಿತ್ತು. ನಾಲ್ಕನೇ ಗೇರಿನಲ್ಲಿ ವೇಗ ಏರುತ್ತಿದ್ದಂತೆ ಸೀಟಿನ ಕೆಳಗೆ ನಡುಕ ಶುರುವಾಗಿ ಕನ್ನಡಿಯಲ್ಲಿ ಏನೂ ಕಾಣದ ಹಾಗಾಯಿತು. ಬಸು ತಕ್ಷಣ ನಿಲ್ಲಿಸಿದ.

ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್‌ಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟನ್ನು ಕತ್ತರಿಸಿ ಗಿಡ್ಡ ಮಾಡಿಸಿದ್ದು ಲಾರಿ ಶಾಫ್ಟ್ ಕೆಲಸದವರ ಹತ್ತಿರ. ಅವರ ಕೈಕೆಲಸದಲ್ಲಿ ದೋಷ ಇರಲಿಲ್ಲ, ಲಾರಿಗೆ ಅದು ಸಾಕು. ಲಾರಿ ಇಂಜಿನ್ ನಿಮಿಷಕ್ಕೆ 2500 ಸುತ್ತಿಗೆ ಮುಗಿಯುತ್ತದೆ. ಇಲ್ಲಿ ನಾಲ್ಕನೇ ಗೇರಿನಲ್ಲಿ ಶಾಫ್ಟು ಹೆಚ್ಚೂ ಕಡಿಮೆ ಇಂಜಿನ್ ಜೊತೆಗೇ 6000 ಸುತ್ತುತ್ತದೆ. ತೂಕದ ಏರುಪೇರಿನಿಂದ ಬರುವ ಎಳೆತ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ 2.4 ಪಟ್ಟು ಆದರೆ ಎಳೆತ ಆರು ಪಟ್ಟಿನ ಹತ್ತಿರ. ಲಾರಿಯಲ್ಲಿ ಗೊತ್ತೇ ಆಗದ ಕೊರತೆ ಇಲ್ಲಿ ಶಾಫ್ಟನ್ನೇ ಮುರಿಯಬಹುದಿತ್ತು. ಬೆಂಗಳೂರಿಗೆ ಕಳಿಸಿ ಮೆಷಿನ್ನಿನಲ್ಲಿ ತಿರುಗಿಸಿ ಬ್ಯಾಲೆನ್ಸ್ ಮಾಡಿಸಿದರು. ಶಾಫ್ಟ್ ಸುತ್ತ ಎರಡು ಕಡೆ ದಪ್ಪ ಪಟ್ಟಿಯ ಬಳೆ ಹಾಕಿದರು, ಮುರಿದರೂ ಓಡಿಸುವವನ ಸೊಂಟಕ್ಕೆ ಬಡಿಯದಿರಲಿ ಅಂತ. ನಿಜ ಹೇಳಬೇಕೆಂದರೆ ಆ ಬಳೆ ಮೊದಲ ದಿನವೇ ಇರಬೇಕಿತ್ತು. ಡ್ರಾಯಿಂಗ್ ನೋಡಿದ ನಾನೂ ಅದನ್ನು ಕೇಳಬೇಕಿತ್ತು.

ಏನಾಯಿತು

ಡಿಸೆಂಬರಿನಲ್ಲಿ ಕಾರು ಕೊಯಮತ್ತೂರಿಗೆ ಹೋಯಿತು. ವೇ ಬ್ರಿಡ್ಜಿನಲ್ಲಿ 610 ಕೆಜಿ. ಖರ್ಚು 4 ಲಕ್ಷ 72 ಸಾವಿರ. ಲೆಕ್ಕದ ಒಳಗೇ ಮುಗಿದದ್ದಕ್ಕೆ ಕಾರಣ ಈಕೋದ ಉಳಿದ ಭಾಗಗಳು. ಬಾಗಿಲು, ಸೀಟು, ಗಾಜು ಮಾರಿ 31 ಸಾವಿರ ಬಂತು. ಮೊದಲ ಅಂದಾಜಿನಲ್ಲಿ ಟೈರು, ಬ್ರೇಕ್, ಸೀಟು, ಹಾರ್ನೆಸ್, ಹೆಲ್ಮೆಟ್ ಎಲ್ಲ ಸೇರಿ 50 ಸಾವಿರ ಅಂತ ಬರೆದಿದ್ದರು. ನಿಜಕ್ಕೂ ಆದದ್ದು 1 ಲಕ್ಷ 18 ಸಾವಿರ. ಇಂಥ ಕಾರು ಕಟ್ಟಲು ಹೊರಟವರು ನೋಡಬೇಕಾದ ಸಾಲು ಅದು. ಚಾಸಿ ಅಗ್ಗ. ಜೀವ ಉಳಿಸುವ ಸಾಮಾನು ಅಗ್ಗವಲ್ಲ.

ಮೊದಲ ದಿನ ಅವರ ಒಳ್ಳೆಯ ಸುತ್ತು ತಮ್ಮದೇ ಸ್ವಿಫ್ಟಿಗಿಂತ ಅರ್ಧ ಸೆಕೆಂಡ್ ನಿಧಾನ. ನೇರ ರಸ್ತೆಯಲ್ಲಿ ತೆರೆದ ಕಾರಿಗೆ ಗಾಳಿ ಅಡ್ಡ ನಿಲ್ಲುತ್ತದೆ, ಜೊತೆಗೆ ಇಬ್ಬರೂ ಹೊಸ ಬ್ರಾಕೆಟ್ ನೆನೆದು ಬ್ರೇಕನ್ನು ಮೃದುವಾಗಿ ಹಾಕುತ್ತಿದ್ದರು. ಆದರೆ ನಾಲ್ಕೂ ಓಟ ಮುಗಿಸಿದರು. ಪೆಡಲ್ ಕೊನೆಯವರೆಗೂ ಗಟ್ಟಿಯಾಗಿತ್ತು. ಮಧ್ಯಾಹ್ನ ಕ್ಲಚ್ ಕೇಬಲ್ ತುಂಡಾದಾಗ ಅಲ್ಲಿನ ಅಂಗಡಿಯಲ್ಲೇ ಈಕೋ ಕೇಬಲ್ ತಂದು ಮುಕ್ಕಾಲು ಗಂಟೆಯಲ್ಲಿ ಹಾಕಿದರು. ಹೊರದೇಶದ ಕಿಟ್ ಆಗಿದ್ದರೆ ಅವತ್ತಿನ ದಿನ ಅಲ್ಲಿಗೇ ಮುಗಿಯುತ್ತಿತ್ತು. ಫೆಬ್ರುವರಿಯ ಎರಡನೇ ಸಲ ಸ್ವಿಫ್ಟಿನ ಸಮಯಕ್ಕಿಂತ ಎರಡು ಸೆಕೆಂಡ್ ಬೇಗ ಬಂದರು.

ಆ ಸಲವೇ ಒಂದು ಹೊಸ ತೊಂದರೆ ಕಂಡಿತು. ಉದ್ದನೆಯ ತಿರುವಿನಲ್ಲಿ ಆಯಿಲ್ ದೀಪ ಮಿನುಗಿತು. ಕಾರು ಗಟ್ಟಿಯಾಗಿ ತಿರುಗುವಾಗ ಇಂಜಿನ್ನಿನ ಅಡಿಯ ತೊಟ್ಟಿಯಾದ ಸಂಪ್‌ನ ಆಯಿಲ್ ಒಂದು ಬದಿಗೆ ಸರಿದು, ಪಂಪು ಗಾಳಿ ಹೀರುತ್ತಿದೆ. ವ್ಯಾನಿನಲ್ಲಿ ಯಾರೂ ಅಷ್ಟು ಜೋರಾಗಿ ತಿರುಗಿಸುವುದಿಲ್ಲವಲ್ಲ. ಸಂಪ್ ಒಳಗೆ ಅಡ್ಡ ತಗಡು ಬೆಸೆದು ಆಯಿಲ್ ತಡೆಯಬೇಕು. ಅದು ಆಗುವವರೆಗೆ ಕಾರು ಟ್ರ್ಯಾಕಿಗೆ ಹೋಗುವುದಿಲ್ಲ ಅಂತ ಇಬ್ಬರೂ ಒಪ್ಪಿದ್ದಾರೆ. ಸಂಪ್ ಬಿಚ್ಚಿ, ತೊಳೆದು, ಲೇತ್ ಪಕ್ಕದ ಬೆಂಚಿನ ಮೇಲೆ ಇಟ್ಟಿದ್ದಾರೆ. ಈಗ ಶೆಡ್ಡಿನ ಮುಂದೆ ಟ್ರೈಲರ್‌ಗಳು ಸಾಲು ನಿಂತಿವೆ. ಅವು ಹೋದ ಮೇಲೆ ಅದರ ಸರದಿ.